78 ಸೀಟಿಗೆ ಇಬ್ಬರು: ವಿಮಾನದ ಕ್ರೂ ದಿನವಿಡೀ ಏನು ಮಾಡುತ್ತಾರೆ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆಗೆ ಧಾರವಾಡಕ್ಕೆ ಬಂದಿದ್ದೆ. ಸೋದರತ್ತೆ ಅಡುಗೆಮನೆಯಿಂದಲೇ ಕೇಳಿದರು: "ಅಲ್ಲವಾ, ಚಾ ಕೊಡೂ ಕೆಲಸಕ್ಕ ಮೂರ್ ತಿಂಗಳ ಟ್ರೇನಿಂಗ್ ಬ್ಯಾರೆ ಮಾಡಬೇಕೇನು?" ನನಗೆ ಉತ್ತರ ಹೊಳೆಯಲಿಲ್ಲ. ಸಿಟ್ಟು ಮಾತ್ರ ಬಂತು. ಆರು ವರ್ಷ ಹಾರಾಡಿ, ಕೆಲಸ ಬಿಟ್ಟು, ಈಗ ಸಪ್ತಾಪುರದ ಮನೆಯಲ್ಲಿ ಕೂತು ಯೋಚಿಸಿದರೆ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ ಅನಿಸುತ್ತದೆ. ಸೀಟಿನಲ್ಲಿ ಕೂತವರಿಗೆ ಕಾಣುವುದೇ ಚಹಾ.

ಆಗ ಹೇಳಬೇಕಿದ್ದ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ನಮ್ಮ ದೇಶದಲ್ಲಿ ವಿಮಾನಯಾನದ ನಿಯಮ ಮಾಡುವುದು ಡಿಜಿಸಿಎ. ಅದರ ಪ್ರಕಾರ ಪ್ರತಿ 50 ಸೀಟಿಗೆ ಒಬ್ಬ ಕ್ಯಾಬಿನ್ ಕ್ರೂ ಇರಬೇಕು. ಮೇಲೆ ಉಳಿದ ಸೀಟಿಗೆ ಇನ್ನೊಬ್ಬರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವ ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನದಲ್ಲಿ 78 ಸೀಟು, ಹಾಗಾಗಿ ಇಬ್ಬರು. 186 ಸೀಟಿನ ಏರ್‌ಬಸ್‌ಗೆ ನಾಲ್ವರು. ಇಲ್ಲಿ ಗಮನಿಸಬೇಕಾದ್ದು, ಲೆಕ್ಕ ಸೀಟಿಗೆ, ಜನಕ್ಕಲ್ಲ. ಮದುವೆ ಊಟಕ್ಕೆ ಬಡಿಸುವವರನ್ನು ಪಂಕ್ತಿಯಲ್ಲಿ ಎಷ್ಟು ಜನ ಕೂತಿದ್ದಾರೆ ಅಂತ ನೋಡಿ ಕರೆಯುತ್ತೇವೆ, ಅಲ್ವಾ? ವಿಮಾನದಲ್ಲಿ ಹತ್ತೇ ಜನ ಇದ್ದರೂ ಇಬ್ಬರು ಕ್ರೂ ಬೇಕೇ ಬೇಕು. ಒಬ್ಬರಿಗೆ ಹೊಟ್ಟೆನೋವು ಬಂದು ಬದಲಿ ಸಿಗದಿದ್ದರೆ ವಿಮಾನ ಹೊರಡುವುದೇ ಇಲ್ಲ. ಯಾಕೆಂದರೆ ಕಾನೂನಿನ ಕಣ್ಣಲ್ಲಿ ನಾವು ಬಡಿಸುವವರಲ್ಲ. ಏನಾದರೂ ಆದರೆ ವಿಮಾನ ಖಾಲಿ ಮಾಡಿಸುವವರು.

ಕನ್ನಡ ಪತ್ರಿಕೆಗಳು ನಮ್ಮನ್ನು 'ಗಗನಸಖಿ' ಅಂತ ಬರೆಯುತ್ತವೆ. ಚೆಂದದ ಪದ. ಆದರೆ ನನ್ನ ಜತೆ ಹಾರುತ್ತಿದ್ದ ಹುಡುಗರನ್ನು ಏನಂತ ಕರೆಯೋಣ? ನಮ್ಮೊಳಗೆ ಎಲ್ಲರೂ 'ಕ್ರೂ' ಅಷ್ಟೇ. ಇಲ್ಲೂ ಹಾಗೇ ಬರೆಯುತ್ತೇನೆ.

ಈಗ ಒಂದು ದಿನದ ಗಡಿಯಾರ ನೋಡಿ. ಬೆಳಿಗ್ಗೆ 6ಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಅಂದುಕೊಳ್ಳೋಣ. 4.45ಕ್ಕೆ ರಿಪೋರ್ಟಿಂಗ್. ಅಂದರೆ 3.30ಕ್ಕೆ ಮನೆ ಮುಂದೆ ಕಂಪನಿಯ ಕ್ಯಾಬ್. ಕೂದಲು ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ನಿಲ್ಲಬೇಕೆಂದರೆ 2 ಗಂಟೆಗೆ ಏಳಬೇಕು. ಆಫೀಸಿಗೆ ಹೋದ ಕೂಡಲೇ ಉಸಿರು ಪರೀಕ್ಷೆ. ಕೊಳವೆಗೆ ಬಾಯಿಟ್ಟು ಊದಬೇಕು, ಯಂತ್ರ ಸೊನ್ನೆ ತೋರಿಸಬೇಕು. ಹಾರುವುದಕ್ಕೆ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ಬಳಸುವಂತಿಲ್ಲ. ಹನಿ ಮದ್ಯ ಕುಡಿಯದ ನಾನು ಆರು ವರ್ಷ ದಿನಾ ಆ ಕೊಳವೆ ಊದಿದ್ದೇನೆ. ಪ್ರತಿ ಸಲವೂ ಎದೆ ಸ್ವಲ್ಪ ಡವಗುಟ್ಟುತ್ತಿತ್ತು, ಯಾಕೋ ಗೊತ್ತಿಲ್ಲ.

ಆಮೇಲೆ ಬ್ರೀಫಿಂಗ್. ಹಿರಿಯ ಕ್ರೂ ಪ್ರಶ್ನೆ ಕೇಳುತ್ತಾರೆ. ಹೊಗೆ ಬಂದರೆ ಹಾಕಿಕೊಳ್ಳುವ ಮುಸುಕು ಎಲ್ಲಿದೆ? ಬೆಂಕಿ ಆರಿಸುವ ಸಿಲಿಂಡರ್ ಎಷ್ಟಿವೆ? ಊಟ ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಮಗುವಿಗೆ ಏನು ಮಾಡುತ್ತೀ, ದೊಡ್ಡವರಿಗೆ ಏನು? ಉತ್ತರ ತಡವರಿಸಿದರೆ ಆ ದಿನ ವಿಮಾನ ಹತ್ತಿಸದೇ ಇರಬಹುದು. ಟ್ರೇನಿಂಗ್‌ನಲ್ಲಿ ಈಜುಕೊಳದಲ್ಲಿ ತೆಪ್ಪ ಹತ್ತಿದ್ದು, ಹೊಗೆ ತುಂಬಿದ ಕೋಣೆಯಲ್ಲಿ ತೆವಳಿದ್ದು, ಗೊಂಬೆಗೆ ಹೆರಿಗೆ ಮಾಡಿಸಿದ್ದು, ಎಲ್ಲ ಇದಕ್ಕೇ. ವರ್ಷ ವರ್ಷವೂ ಮತ್ತೆ ಪರೀಕ್ಷೆ ಇರುತ್ತದೆ. ಫೇಲಾದರೆ ಹಾರುವಂತಿಲ್ಲ.

ಜನ ಹತ್ತುವಾಗ ಬಾಗಿಲಲ್ಲಿ ನಿಂತು "ನಮಸ್ಕಾರ" ಅನ್ನುತ್ತೇವಲ್ಲ, ಅದರಲ್ಲಿ ಮರ್ಯಾದೆ ಅರ್ಧ, ತಪಾಸಣೆ ಅರ್ಧ. ಯಾರು ಕುಡಿದಿದ್ದಾರೆ, ಯಾರ ಮುಖ ಬಿಳುಚಿದೆ, ಯಾರು ತುಂಬು ಬಸುರಿ, ಯಾರಿಗೆ ಕಿವಿ ಕೇಳುವುದಿಲ್ಲ. ಜತೆಗೆ ಇನ್ನೊಂದು ಹುಡುಕಾಟ: ಗಟ್ಟಿಮುಟ್ಟಾದ ಆಳು ಯಾರಿದ್ದಾರೆ? ಸೈನಿಕರು, ಪೊಲೀಸರು, ಇಲ್ಲವೇ ರಜೆಯಲ್ಲಿ ಹೊರಟ ಬೇರೆ ಕ್ರೂ. ಏನಾದರೂ ಆದರೆ ಕೈಹಚ್ಚಲು ಇವರನ್ನೇ ಕರೆಯಬೇಕು. ಮುಖ ಮತ್ತು ಸೀಟ್ ನಂಬರ್ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ನಿಮ್ಮ ಮುಖ ನೋಡಿ ಕ್ರೂ ಒಂದು ಕ್ಷಣ ಜಾಸ್ತಿ ನಕ್ಕರೆ ಅದಕ್ಕೆ ಕಾರಣ ಇದೂ ಇರಬಹುದು.

ಬಾಗಿಲಿನ ಕಥೆಯೇ ಬೇರೆ. ಏರ್‌ಬಸ್‌ನಂಥ ದೊಡ್ಡ ವಿಮಾನದ ಬಾಗಿಲು ನೆಲದಿಂದ ಎತ್ತರದಲ್ಲಿರುತ್ತದೆ. ಅದರೊಳಗೆ ಮಡಚಿಟ್ಟ ರಬ್ಬರಿನ ಜಾರುಬಂಡಿ ಇದೆ. ಹೊರಡುವ ಮುಂಚೆ "ಆರ್ಮ್ ಡೋರ್ಸ್" ಅಂತ ಒಂದು ಆದೇಶ ಕೇಳಿರುತ್ತೀರಿ. ಅದರರ್ಥ, ಇನ್ನು ಬಾಗಿಲು ತೆಗೆದರೆ ಕೆಲವೇ ಸೆಕೆಂಡಿನಲ್ಲಿ ಆ ಜಾರುಬಂಡಿ ತಾನಾಗಿ ಗಾಳಿ ತುಂಬಿಕೊಂಡು ಹೊರಗೆ ಚಾಚುತ್ತದೆ. ಇಳಿದ ಮೇಲೆ ಅದನ್ನು ವಾಪಸ್ ಬದಲಿಸಬೇಕು. ಮರೆತು ಬಾಗಿಲು ಎತ್ತಿದರೆ ಜಾರುಬಂಡಿ ಏರೋಡ್ರೋಮಿನ ನೆಲದ ಮೇಲೆ. ಕಂಪನಿಗೆ ಲಕ್ಷಗಟ್ಟಲೆ ಖರ್ಚು, ಮುಂದಿನ ವಿಮಾನ ರದ್ದು, ಹೊರಗೆ ಯಾರಾದರೂ ನಿಂತಿದ್ದರೆ ಪೆಟ್ಟು. ಅದಕ್ಕೇ ಒಬ್ಬರು ಮಾಡಿದ್ದನ್ನು ಎದುರಿನವರು ನೋಡಿ ಹೆಬ್ಬೆರಳು ತೋರಿಸುವ ಪದ್ಧತಿ. ನಮ್ಮ ಹುಬ್ಬಳ್ಳಿಯ ಎಟಿಆರ್‌ಗೆ ಇದರ ರಗಳೆ ಇಲ್ಲ. ಅದು ನೆಲಕ್ಕೆ ಹತ್ತಿರ, ಜಾರುಬಂಡಿಯೇ ಇಲ್ಲ. ಹಿಂದಿನ ಬಾಗಿಲಿನ ಒಳಮೈಯೇ ಮೆಟ್ಟಿಲು. ಒಂದನೇ ಸಾಲಿನ ಟಿಕೆಟ್ ತಗೊಂಡು ಹೆಮ್ಮೆಯಿಂದ ಬಂದವರು ಹಿಂದಿನಿಂದ ಹತ್ತಿ ಇಡೀ ವಿಮಾನ ನಡೆಯಬೇಕಾಗಿ ಬಂದಾಗ ಅವರ ಮುಖ ನೋಡಬೇಕು. ಮಾದರಿಯಿಂದ ಮಾದರಿಗೆ ಇಷ್ಟು ವ್ಯತ್ಯಾಸ ಇರುವುದರಿಂದಲೇ ಪ್ರತಿಯೊಂದಕ್ಕೂ ಬೇರೆ ತರಬೇತಿ ಕೊಡುತ್ತಾರೆ.

ವಿಮಾನ ಓಡಲು ಶುರುಮಾಡಿದಾಗ ಕ್ರೂ ಗೋಡೆಗೆ ಅಂಟಿದ ಮಡಚುವ ಸೀಟಿನಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಎಲ್ಲೋ ನೋಡುತ್ತಿರುವುದನ್ನು ನೀವು ಕಂಡಿರಬಹುದು. ಅದು ನಿದ್ದೆಗಣ್ಣಲ್ಲ. ಕೈ ಹಾಗಿಟ್ಟರೆ ಪೆಟ್ಟು ಬಿದ್ದಾಗ ಅವು ಬೀಸಾಡಿ ಮುರಿಯುವುದಿಲ್ಲ. ಮನಸ್ಸಿನಲ್ಲಿ ಮಾತ್ರ ಒಂದು ಪಾಠ ನಡೆಯುತ್ತಿರುತ್ತದೆ. ಈಗ ವಿಮಾನ ನಿಂತುಬಿಟ್ಟರೆ ನನ್ನ ಬಾಗಿಲು ಯಾವುದು, ಹೊರಗೆ ಬೆಂಕಿ ಇದೆಯಾ ಅಂತ ಯಾವ ಕಿಟಕಿಯಿಂದ ನೋಡಬೇಕು, ಮೊದಲು ಕೂಗಬೇಕಾದ ಮಾತೇನು, ಆ ಏಳನೇ ಸಾಲಿನ ಅಜ್ಜನನ್ನು ಯಾರು ಎತ್ತುತ್ತಾರೆ. ಪ್ರತಿ ಏರಿಕೆಗೂ, ಪ್ರತಿ ಇಳಿತಕ್ಕೂ ಇದು ಹೊಸದಾಗಿ ನಡೆಯಬೇಕು. ದಿನಕ್ಕೆ ನಾಲ್ಕು ಸಲ ಹಾರಿದರೆ ಎಂಟು ಸಲ. ಗಾಬರಿಯ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಆಗಷ್ಟೇ ಓದಿಕೊಂಡದ್ದು ಮಾತ್ರ ಕೈಗೆ ಬರುತ್ತದೆ.

ಇದಕ್ಕೆ ಸಿಗುವ ಸಮಯ ಎಷ್ಟು? 44ಕ್ಕಿಂತ ಜಾಸ್ತಿ ಸೀಟಿನ ವಿಮಾನ ಮಾಡುವ ಕಂಪನಿ, ಕತ್ತಲಲ್ಲಿ, ಇರುವ ಬಾಗಿಲುಗಳಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿ, ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಬಹುದು ಅಂತ ತೋರಿಸಿಕೊಡಬೇಕು. ನಿಜಜೀವನ ಅಷ್ಟು ಸಲೀಸಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಸಣ್ಣ ವಿಮಾನದ ಐವರು ತೀರಿಕೊಂಡರು. ದೊಡ್ಡದರಲ್ಲಿದ್ದ 379 ಮಂದಿಯೂ ಹೊರಗೆ ಬಂದರು. ಮೈಕ್ ಕೆಟ್ಟಿತ್ತು, ಕ್ರೂ ಮೆಗಾಫೋನ್ ಹಿಡಿದು, ಗಂಟಲು ಹರಿದುಕೊಂಡು ಕೂಗಿದರು. ಹೊರಗಿನ ಬೆಂಕಿಯಿಂದಾಗಿ ಎಂಟು ಬಾಗಿಲಲ್ಲಿ ಬಳಸಲು ಆದದ್ದು ಮೂರೇ. ಉಳಿದ ಐದನ್ನು ತೆಗೆಯದೇ ಬಿಟ್ಟದ್ದು ನನ್ನ ಪ್ರಕಾರ ತೆಗೆದದ್ದಕ್ಕಿಂತ ದೊಡ್ಡ ಕೆಲಸ. ಹಿಂದಿನಿಂದ ಜನ ನೂಕುವಾಗ ಮುಚ್ಚಿದ ಬಾಗಿಲಿಗೆ ಅಡ್ಡ ನಿಲ್ಲುವುದು ಸುಮ್ನೆ ಮಾತಲ್ಲ.

ಟೋಕಿಯೊ ತನಕ ಯಾಕೆ? 2015ರ ಮಾರ್ಚ್‌ನಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಬೆಂಗಳೂರಿನಿಂದ ಬಂದ ವಿಮಾನವೊಂದು ಇಳಿಯುವಾಗ ರನ್‌ವೇ ಬಿಟ್ಟು ಪಕ್ಕಕ್ಕೆ ಜಾರಿತ್ತು. ಎಲ್ಲರೂ ಸುರಕ್ಷಿತವಾಗಿ ಹೊರಬಂದರು. ರನ್‌ವೇ ಆಮೇಲೆ 2,600 ಮೀಟರ್ ಆಯಿತು, 2017ರ ಡಿಸೆಂಬರಿನಲ್ಲಿ ಗೋಕುಲ ರಸ್ತೆಯ ಹೊಸ ಟರ್ಮಿನಲ್ ಶುರುವಾಯಿತು, ವಿಮಾನಗಳೂ ಹೆಚ್ಚಾದವು.

ಸೀಟ್ ಬೆಲ್ಟಿನ ಒಂದು ಮಾತು ಹೇಳಲೇಬೇಕು. ಒಮ್ಮೆ ಲಕ್ಷ್ಮೇಶ್ವರದ ಕಡೆಯ ಅಜ್ಜಿಯೊಬ್ಬರು, ಮೊದಲ ಸಲ ವಿಮಾನ ಹತ್ತಿದವರು, ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಏಳಲಾರದೆ ಕೂತಿದ್ದರು. "ಯವ್ವಾ, ಇದನ್ನ ಹ್ಯಾಂಗ ಬಿಚ್ಚೂದು? ಒತ್ತಿ ಒತ್ತಿ ಸಾಕಾತು." ನಾನು ಬಗ್ಗಿ, "ಒತ್ತಬ್ಯಾಡ್ರಿ ಅಮ್ಮಾರ, ಈ ತಗಡ ಮ್ಯಾಲೆ ಎತ್ತರಿ" ಅಂದೆ. ಟಕ್ಕಂತ ಬಿಚ್ಚಿತು. ಪಕ್ಕದಲ್ಲಿದ್ದ ಮೊಮ್ಮಗ ನಕ್ಕ. ಆಮೇಲೆ ಫೋನ್ ನೋಡುತ್ತಾ ತನ್ನ ಬೆಲ್ಟ್ ಬಿಚ್ಚಲು ಹೋದ, ಅವನ ಹೆಬ್ಬೆರಳು ಕೂಡ ಸೊಂಟದ ಬದಿಯಲ್ಲಿ ಗುಂಡಿ ಹುಡುಕಿತು. ನಾನು ನೋಡಿಯೂ ಸುಮ್ನಿದ್ದೆ. ಕಾರಿನಲ್ಲಿ ಗುಂಡಿ ಒತ್ತಿ ಒತ್ತಿ ಕೈಗೆ ಅದೇ ರೂಢಿ. ವಿಮಾನ ಅಪಘಾತದ ತನಿಖೆಗಳಲ್ಲೂ ಇದು ಕಂಡಿದೆ, ಗಾಬರಿಯಾದ ಜನ ಇಲ್ಲದ ಗುಂಡಿಯನ್ನು ಹುಡುಕುತ್ತಾರೆ. ಹೊರಡುವ ಮುಂಚಿನ, ಯಾರೂ ನೋಡದ ಆ ಡೆಮೊದಲ್ಲಿ ನಾವು ಬೆಲ್ಟ್ ಎತ್ತಿ ತೋರಿಸುವುದು ಇದಕ್ಕೆ.

ಇನ್ನು ಚಹಾ. ಬೆಂಗಳೂರು–ಹುಬ್ಬಳ್ಳಿ ಒಂದು ಗಂಟೆ ಚಿಲ್ಲರೆ. ಏರುವುದು, ಇಳಿಯುವುದು ಕಳೆದರೆ ಟ್ರಾಲಿ ತಿರುಗಿಸಲು ಉಳಿಯುವುದು ಅರ್ಧ ಗಂಟೆಯ ಆಸುಪಾಸು. ಇಬ್ಬರು ಕ್ರೂ, 78 ಜನ, ಚಿಲ್ಲರೆ ಹುಡುಕಾಟ ಬೇರೆ. ವಿಮಾನ ಪೂರ್ತಿ ಮೇಲೇರುವ ಮೊದಲೇ ಟ್ರಾಲಿ ತೆಗೆದರೆ ಅದನ್ನು ನುಗ್ಗಿಕೇರಿ ಗುಡ್ಡದ ಏರಿನಲ್ಲಿ ತಳ್ಳಿದ ಹಾಗೆ. ಮುಂಗಾರಿನಲ್ಲಿ ಮೋಡದೊಳಗೆ ವಿಮಾನ ಕುಲುಕಾಡುವಾಗ ಬಿಸಿನೀರು ಮುಟ್ಟುವುದೇ ಇಲ್ಲ. "ಚಾ ಯಾಕ ಕೊಡವಲ್ರಿ?" ಅಂತ ಬೈಸಿಕೊಳ್ಳುವುದು ಸುಟ್ಟ ಗಾಯಕ್ಕಿಂತ ವಾಸಿ. ಕುಲುಕಾಟದಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವರು ಕ್ರೂ, ಯಾಕೆಂದರೆ ನಿಂತಿರುವವರು ಅವರೇ.

ಅದೇ ಟ್ರಾಲಿಯ ಇನ್ನೊಂದು ಉಪಯೋಗ ಸೋದರತ್ತೆಗೆ ಗೊತ್ತಾದರೆ ಖುಷಿಪಡುತ್ತಾರೆ. ಪವರ್ ಬ್ಯಾಂಕ್ ಅಥವಾ ಫೋನ್ ಬ್ಯಾಟರಿ ಹೊತ್ತಿಕೊಂಡಿತು ಅನ್ನಿ. ಮೊದಲು ಸಿಲಿಂಡರ್‌ನಿಂದ ಉರಿ ಆರಿಸುತ್ತೇವೆ. ಆದರೆ ಬ್ಯಾಟರಿ ಒಳಗೆ ಕುದಿಯುತ್ತಲೇ ಇರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಅದನ್ನು ತಣ್ಣಗೆ ಮಾಡಬೇಕು. ಆಗ ಟ್ರಾಲಿಯ ನೀರು, ಜ್ಯೂಸ್, ಸೋಡಾ, ಕೈಗೆ ಸಿಕ್ಕಿದ್ದನ್ನು ಸುರಿಯುವುದು. ಐಸ್ ಮಾತ್ರ ಹಾಕುವಂತಿಲ್ಲ, ಅದು ಕಂಬಳಿ ಹೊದಿಸಿದಂತೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪವರ್ ಬ್ಯಾಂಕನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ ಅನ್ನುವುದಕ್ಕೂ ಕಾರಣ ಇದೇ. ಕಣ್ಣೆದುರು ಹೊತ್ತಿಕೊಂಡರೆ ಆರಿಸಬಹುದು, ಹೊಟ್ಟೆಯೊಳಗಿನ ಲಗೇಜ್ ಕೋಣೆಗೆ ಹಾರಾಟದ ನಡುವೆ ಯಾರು ಹೋಗುತ್ತಾರೆ? ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟು ಹಿಂದೆ ಮುಂದೆ ಮಾಡಬೇಡಿ. ಕ್ರೂ ಕರೆಯಿರಿ. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಫೋನ್ ಜಜ್ಜಿದರೂ ಅದೇ ಬೆಂಕಿ.

ನಮ್ಮ ಕಡೆಯವರಿಗೆ ಒಂದು ಸೂಚನೆ: ಒಣ ಕೊಬ್ಬರಿ. ಬೆಂಗಳೂರಿನ ಮಗಳಿಗೆ ಅಂತ ರೊಟ್ಟಿ, ಶೇಂಗಾ ಚಟ್ನಿ, ಪೇಢೆಯ ಜತೆ ನಾಲ್ಕು ಗಿಟುಕು ಲಗೇಜಿಗೆ ಹಾಕುತ್ತೇವೆ. ಅದನ್ನು ಬಿಡುವುದಿಲ್ಲ. ಎಣ್ಣೆ ತುಂಬಿದ ಕೊಬ್ಬರಿ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಸುಮ್ನೆ ಸೆಕ್ಯುರಿಟಿಯವರ ಜತೆ ಜಗಳ ಬೇಡ.

ಇಳಿದ ಮೇಲೆ ಟರ್ನ್‌ಅರೌಂಡ್, ಅಂದರೆ ವಿಮಾನ ತಿರುಗಿ ಹೊರಡುವವರೆಗಿನ ಅರ್ಧ ಗಂಟೆ. ಹೊರಗಿನವರಿಗೆ ಅದು ಬಿಡುವಿನ ವೇಳೆ ಅನಿಸುತ್ತದೆ. ನನ್ನ ಅಮ್ಮನಿಗೂ ಹಾಗೇ ಅನಿಸಿತ್ತು. ಒಂದು ಬೆಳಿಗ್ಗೆ ಧಾರವಾಡದಿಂದ ಚಿಗರಿ ಬಸ್ ಹಿಡಿದು, ಹೊಸೂರಿನಲ್ಲಿ ಇಳಿದು, ಆಟೋ ಮಾಡಿಕೊಂಡು ವಿಮಾನ ನಿಲ್ದಾಣಕ್ಕೇ ಬಂದುಬಿಟ್ಟರು. ಕೈಯಲ್ಲಿ ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ. ಇಳಿದು ಫೋನ್ ಆನ್ ಮಾಡಿದರೆ, "ಹತ್ತ ನಿಮಿಷ ಹೊರಗ ಬಾ, ಇಲ್ಲೇ ಗೇಟಿನ್ಯಾಗ ನಿಂತೇನಿ."

ಹತ್ತು ನಿಮಿಷ ಎಲ್ಲಿಂದ ತರಲಿ? ಕೊನೆಯ ಪ್ರಯಾಣಿಕ ಇಳಿದ ಕೂಡಲೇ ಪ್ರತಿ ಸೀಟಿನ ಕೆಳಗೆ, ಜೇಬಿನಲ್ಲಿ, ಮೇಲಿನ ಲಗೇಜ್ ಗೂಡಿನಲ್ಲಿ, ಶೌಚಾಲಯದಲ್ಲಿ ಅನುಮಾನದ ವಸ್ತು ಇದೆಯಾ ಅಂತ ತಡಕಬೇಕು. ಕಡಿಮೆ ದರದ ಕಂಪನಿಗಳಲ್ಲಿ ಕಸ ಎತ್ತುವುದು, ಬೆಲ್ಟ್ ಅಡ್ಡಡ್ಡ ಜೋಡಿಸುವುದೂ ಕ್ರೂ ಕೆಲಸವೇ. ಮುಂದೆ ಹೋಗುವವರು ಒಳಗೆ ಕೂತಿದ್ದು ಇಂಧನ ತುಂಬುತ್ತಿದ್ದರೆ ಬಾಗಿಲು ಬಿಟ್ಟು ಕದಲುವಂತಿಲ್ಲ. ಅಷ್ಟರಲ್ಲಿ ಹೊಸ ಜನ ಹತ್ತಲು ಶುರು. ಟರ್ಮಿನಲ್ ದಾಟಿ ಹೊರಗೆ ಹೋದರೆ ಒಳಗೆ ಬರಲು ಮತ್ತೆ ಸೆಕ್ಯುರಿಟಿ. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತು ಟರ್ಮಿನಲ್ ಕಡೆ ನೋಡಿದೆ, ಅಮ್ಮ ಕಾಣಲಿಲ್ಲ. ಅವರಿಗೆ ವಿಮಾನ ಏರುವುದು ಕಂಡಿತಂತೆ. ರೊಟ್ಟಿಯನ್ನು ಆಟೋದವನಿಗೆ ಕೊಟ್ಟು ಬಂದೆ ಅಂದರು. ಆ ತಿಂಗಳು ನಾನು ಹುಬ್ಬಳ್ಳಿಯಲ್ಲಿ ಹನ್ನೊಂದು ಸಲ ಇಳಿದಿದ್ದೆ, ಮನೆಗೆ ಒಮ್ಮೆಯೂ ಹೋಗಿರಲಿಲ್ಲ.

ಈಗ ಸಂಬಳದ ಗಡಿಯಾರ. ಹೆಚ್ಚಿನ ಕಂಪನಿಗಳಲ್ಲಿ ಒಂದಿಷ್ಟು ಖಾಯಂ ಸಂಬಳ, ಅದರ ಮೇಲೆ ಹಾರಿದ ಗಂಟೆಗೆ ಭತ್ಯೆ. ಆ ಗಂಟೆ ಶುರುವಾಗುವುದು ವಿಮಾನ ತನ್ನ ಜಾಗದಿಂದ ಕದಲಿದಾಗ, ಮುಗಿಯುವುದು ಮತ್ತೆ ನಿಂತಾಗ. ಮೇಲೆ ಹೇಳಿದ ದಿನಕ್ಕೇ ಲೆಕ್ಕ ಹಾಕೋಣ. ಹುಬ್ಬಳ್ಳಿಗೆ ಹೋಗಿ ಬಂದು, ಇನ್ನೊಂದು ಊರಿಗೆ ಹೋಗಿ ಬಂದರೆ ನಾಲ್ಕು ಹಾರಾಟ. ಒಂದಕ್ಕೆ 70 ನಿಮಿಷದಂತೆ 4 ಗಂಟೆ 40 ನಿಮಿಷ. ನಡುವೆ ಮೂರು ಟರ್ನ್‌ಅರೌಂಡ್, ಒಂದೂವರೆ ಗಂಟೆ. ಕೊನೆಗೆ ಕೆಲಸ ಒಪ್ಪಿಸಿ ಹೊರಬರುವಾಗ ಮಧ್ಯಾಹ್ನ ಒಂದಾಗುತ್ತದೆ, ಮನೆ ಸೇರುವಾಗ ಎರಡು. ಎದ್ದು ಸರಿಯಾಗಿ ಹನ್ನೆರಡು ಗಂಟೆ. ಗಂಟೆಯ ಭತ್ಯೆ ಸಿಕ್ಕಿದ್ದು ಐದಕ್ಕೂ ಕಡಿಮೆ ಗಂಟೆಗೆ. ವಿಮಾನ ತಡವಾಗಿ ಟರ್ಮಿನಲ್ ಎದುರು ಎರಡು ತಾಸು ನಿಂತು, ಜನ ಬೈಯುತ್ತಿದ್ದರೆ ಆ ಎರಡು ತಾಸು ಈ ಲೆಕ್ಕಕ್ಕೆ ಬರುವುದೇ ಇಲ್ಲ. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ ಅಂತ ನಿಯಮ ಇದೆ. ಕೇಳಿದವರು, "ದಿನಕ್ಕ ಮೂರ್ ತಾಸೂ ಇಲ್ಲಲ್ಲ!" ಅನ್ನುತ್ತಾರೆ. ಅವರು ನೋಡುವುದು ಒಂದು ಗಡಿಯಾರ, ನಾವು ಬದುಕುವುದು ಇನ್ನೊಂದರಲ್ಲಿ.

ಮೈಯದೂ ಒಂದು ಲೆಕ್ಕ ಇದೆ. ಜೆಟ್ ವಿಮಾನ ಮೇಲೆ ಹೋದಾಗ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6,300 ಅಡಿ ಚಿಲ್ಲರೆ. ದಿನಕ್ಕೆ ನಾಲ್ಕು ಸಲ ಅಂಥ ಬೆಟ್ಟ ಹತ್ತಿ ಇಳಿದರೆ ಕಿವಿ ಏನಾಗಬೇಕು? ನೆಗಡಿ ಇದ್ದಾಗ ಹಾರಿದರೆ ಕಿವಿಯ ತಮಟೆ ಹರಿಯಬಹುದು. ಅದಕ್ಕೇ ಸಣ್ಣ ಶೀತಕ್ಕೂ ರಜೆ. ಅದನ್ನು ನೆಂಟರು ನಾಜೂಕು ಅಂದುಕೊಳ್ಳುತ್ತಾರೆ.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದದ್ದು 1930ರಲ್ಲಿ. ಅಮೆರಿಕದ ನರ್ಸ್ ಎಲೆನ್ ಚರ್ಚ್ ಮೊದಲ ಮಹಿಳಾ ಕ್ರೂ. ನರ್ಸ್ ಇದ್ದರೆ ಜನರ ಹೆದರಿಕೆ ಕಡಿಮೆಯಾಗುತ್ತದೆ ಅಂತ ಕಂಪನಿಗೆ ಅವರೇ ಒಪ್ಪಿಸಿದರು. ಮುಂದೆ ಅಂದಚೆಂದದ ಲೆಕ್ಕ ಸೇರಿಕೊಂಡು ಕೆಲಸದ ಅರ್ಥವೇ ಮಸುಕಾಯಿತು. ನಮ್ಮಲ್ಲಿ ಏರ್ ಇಂಡಿಯಾದ ಹೆಣ್ಣುಮಕ್ಕಳು 35ಕ್ಕೆ ನಿವೃತ್ತಿ, ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಇಲ್ಲ, ಮೊದಲ ಬಸಿರಿಗೇ ಕೆಲಸ ಇಲ್ಲ ಅನ್ನುವ ನಿಯಮದಡಿ ದುಡಿದರು. ನೆರ್ಗೆಶ್ ಮೀರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಬಸಿರಿನ ನಿಯಮವನ್ನು ತೆಗೆದುಹಾಕಿತು. ಮದುವೆಯ ನಿಯಮವನ್ನು ಆಗ ಉಳಿಸಿತು, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಈಗ ಬಸುರಿಯಾದರೆ ಹಾರುವಂತಿಲ್ಲ ಅಷ್ಟೇ, ಕೆಲಸ ಹೋಗುವುದಿಲ್ಲ.

ಈ ಕೆಲಸಕ್ಕೆ ಸೇರುವುದು ಹೇಗೆ ಅಂತ ಗದಗ, ಹಾವೇರಿ ಕಡೆಯಿಂದ ಹುಡುಗಿಯರು ಕೇಳುತ್ತಿರುತ್ತಾರೆ. ಹನ್ನೆರಡನೇ ತರಗತಿ ಪಾಸಾಗಿ, 18 ತುಂಬಿ, ಇಂಗ್ಲಿಷ್ ಮತ್ತು ಹಿಂದಿ ಮಾತಾಡಲು ಬಂದರೆ ಅರ್ಜಿ ಹಾಕಬಹುದು. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ಕರೆಯುತ್ತವೆ, ಸಂದರ್ಶನಕ್ಕೆ ದುಡ್ಡು ಕೇಳುವುದಿಲ್ಲ. ಕೆಲಸ ಗ್ಯಾರಂಟಿ ಅಂತ ಲಕ್ಷ ರೂಪಾಯಿ ಕೇಳುವ ಕ್ಲಾಸುಗಳ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಿಲ್ಲ. ವಿಮಾನದ ಪಾಠವನ್ನು ಆಯ್ಕೆಯಾದ ಮೇಲೆ ಕಂಪನಿಯೇ ಕಲಿಸಬೇಕು, ಕಲಿಸುತ್ತದೆ. ಆ ದುಡ್ಡಿನಲ್ಲಿ ಇಂಗ್ಲಿಷ್ ಕಲಿಯಿರಿ, ಈಜು ಕಲಿಯಿರಿ.

ಎತ್ತರವನ್ನು ಮಾತ್ರ ಕಲಿಯಲು ಬರುವುದಿಲ್ಲ. ನಮ್ಮ ದೇಶದ ಕಂಪನಿಗಳು ಸಾಮಾನ್ಯವಾಗಿ ಹುಡುಗಿಯರಿಗೆ 155 ಸೆಂಟಿಮೀಟರ್ ಕೇಳುತ್ತವೆ. ದುಬೈನ ಎಮಿರೇಟ್ಸ್ ತುದಿಗಾಲಲ್ಲಿ ನಿಂತು ಕೈ ಚಾಚಿದರೆ 212 ಸೆಂಟಿಮೀಟರ್ ಮುಟ್ಟಬೇಕು ಅನ್ನುತ್ತದೆ. ಅಂದಕ್ಕಲ್ಲ, ಆಕ್ಸಿಜನ್ ಸಿಲಿಂಡರಿನಂಥ ಸಾಮಾನು ಲಗೇಜ್ ಗೂಡಿನ ಒಳಗೆ ಇರುತ್ತದೆ. ಹೋದ ತಿಂಗಳು ಹಾವೇರಿಯ ಪರಿಚಯದವರ ಮಗಳು ಮನೆಗೆ ಬಂದಿದ್ದಳು. ನಡುಮನೆಯ ಗೋಡೆಗೆ ಟೇಪ್ ಹಿಡಿದು ಪೆನ್ಸಿಲ್‌ನಲ್ಲಿ 212ಕ್ಕೆ ಗೆರೆ ಎಳೆದೆ. ಅವಳು ತುದಿಗಾಲಲ್ಲಿ ನಿಂತು ಚಾಚಿದಳು, ಎರಡು ಬೆರಳು ಕಡಿಮೆ ಬಿತ್ತು. "ಅಕ್ಕಾ, ಚಪ್ಪಲ್ ಹಾಕ್ಕೊಂಡ್ರ ನಡೀತದೇನ್ರಿ?" ಅಂದಳು. ಇಲ್ಲ ಅಂದೆ. ಸೋದರತ್ತೆ ಒಳಗಿನಿಂದ ಚಹಾ ತಂದಿಟ್ಟು, ತಾವೂ ಗೋಡೆಗೆ ಕೈ ಚಾಚಿ ನೋಡಿದರು.